ಹನ್ನೊಂದರಲ್ಲಿ ಮೂರು: ಚೀಟಿ ಎತ್ತಿದ್ದರೂ ಇಷ್ಟೇ ಆಗುತ್ತಿತ್ತು

2025–26ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲಿನಲ್ಲಿ ಪ್ಲೇಆಫ್ ಇಲ್ಲ. 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಅವರು ಫೆಬ್ರುವರಿ 14ರಿಂದ ಲೀಗ್ ಶುರು ಎಂದು ಘೋಷಿಸಿದಾಗ ಕೊಟ್ಟ ಲೆಕ್ಕ ಇಷ್ಟು: 14 ತಂಡ, 91 ಪಂದ್ಯ. ಹದಿನಾಲ್ಕು ತಂಡಗಳು ಒಬ್ಬರನ್ನೊಬ್ಬರು ಒಂದೊಂದು ಸಲ ಎದುರಿಸಿದರೆ ಆಗುವುದೇ 91. ಅದರ ಮೇಲೆ ಸೆಮಿಫೈನಲ್ಲಿಗೂ ಜಾಗವಿಲ್ಲ, ಫೈನಲ್ಲಿಗೂ ಇಲ್ಲ. ಪಟ್ಟಿಯ ತುದಿಯಲ್ಲಿ ನಿಂತವರಿಗೆ ಪಟ್ಟ.

ಅಂದಿನಿಂದ ಗೋಳು ಶುರುವಾಗಿದೆ. ಫೈನಲ್ ಇಲ್ಲದ ಲೀಗ್ ಅಂದರೆ ಉಪ್ಪಿಲ್ಲದ ಊಟ, ಜನ ಬರುವುದಿಲ್ಲ, ಟಿ.ವಿ.ಯವರು ತಿರುಗಿ ನೋಡುವುದಿಲ್ಲ, ಮುಂದಿನ ವರ್ಷವಾದರೂ ಪ್ಲೇಆಫ್ ತನ್ನಿ ಎಂಬ ಬರಹಗಳನ್ನು ಒಂದರ ಹಿಂದೊಂದು ಓದುತ್ತಿದ್ದೇನೆ. ಬರೆಯುವವರಲ್ಲಿ ಕೆಲವರು ಫುಟ್‌ಬಾಲನ್ನು ನನಗಿಂತ ಹೆಚ್ಚು ಬಲ್ಲವರು. ಆದರೂ ಒಬ್ಬರೂ ಒಂದು ಮುಖ್ಯ ಸಂಖ್ಯೆಯನ್ನು ಮುಟ್ಟುತ್ತಿಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಪ್ಲೇಆಫ್ ಹೋದದ್ದು ಒಳ್ಳೆಯದಾಯಿತು, ಅದು ಮತ್ತೆ ಬರಬಾರದು. ಹೋದ ಕಾರಣ ಮಾತ್ರ ತೀರಾ ಕೆಟ್ಟದ್ದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕುಳಿತು ಯೋಚಿಸಿ ಕೈಬಿಟ್ಟದ್ದಲ್ಲ ಇದು. ಅದು 2010ರಲ್ಲಿ ಐಎಂಜಿ–ರಿಲಯನ್ಸ್ ಜೊತೆ ಮಾಡಿಕೊಂಡಿದ್ದ, ಮುಂದೆ ಲೀಗ್ ನಡೆಸಿದ ಎಫ್‌ಎಸ್‌ಡಿಎಲ್ ಕಂಪನಿಯ ಕೈಸೇರಿದ ಹದಿನೈದು ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಿತು, ಹೊಸ ಟೆಂಡರ್ ಕರೆದರೆ ಒಂದೇ ಒಂದು ಬಿಡ್ ಬರಲಿಲ್ಲ, ಅರ್ಧ ಋತು ನ್ಯಾಯಾಲಯ ಮತ್ತು ಸಭೆಗಳಲ್ಲೇ ಕಳೆಯಿತು. ಉಳಿದ ದಿನಗಳಲ್ಲಿ ಹಿಡಿಸಿದ್ದು 91 ಪಂದ್ಯ. ಬಡತನದಿಂದ ಬಂದ ನ್ಯಾಯ. ನಾಳೆ ಯಾರಾದರೂ ದುಡ್ಡಿನ ಚೀಲ ಹಿಡಿದು ಬಂದರೆ ಪ್ಲೇಆಫ್ ಅವರ ಹಿಂದೆಯೇ ಒಳಗೆ ಬರುತ್ತದೆ. ಅದಕ್ಕೇ ಈ ಮಾತನ್ನು ಈಗಲೇ ಆಡಬೇಕು.

ಸಂಖ್ಯೆಗೆ ಬರೋಣ. 2014ರಿಂದ 2024–25ರವರೆಗೆ ಐಎಸ್‌ಎಲ್ ಹನ್ನೊಂದು ಋತು ಕಂಡಿದೆ. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಕೊನೆಗೆ ಕಪ್ಪನ್ನೂ ಎತ್ತಿದ್ದು ಎಷ್ಟು ಸಲ? ಮೂರು ಸಲ. 2018–19ರಲ್ಲಿ ಬೆಂಗಳೂರು, 2020–21ರಲ್ಲಿ ಮುಂಬೈ, 2024–25ರಲ್ಲಿ ಮೋಹನ್ ಬಾಗಾನ್. ಉಳಿದ ಎಂಟು ಸಲ ಅಗ್ರಸ್ಥಾನಿಗಳು ಕಪ್ಪಿಲ್ಲದೆ ಮನೆಗೆ ಹೋದರು. ಅದರಲ್ಲಿ ಐದು ಸಲ ಫೈನಲ್ಲಿಗೂ ಬರದೆ ಸೆಮಿಫೈನಲ್ಲಿನಲ್ಲೇ ಮುಗಿದಿತ್ತು.

ಈಗ ಒಂದು ಆಟ ಆಡೋಣ. ಪ್ರತಿ ವರ್ಷ ಸೆಮಿಫೈನಲ್ ತಲುಪಿದ ನಾಲ್ಕು ತಂಡಗಳ ಹೆಸರನ್ನು ಚೀಟಿಯಲ್ಲಿ ಬರೆದು, ಮಡಚಿ, ಚೊಂಬಿನಲ್ಲಿ ಹಾಕಿ ಕುಲುಕಿ, ಮನೆಯ ಮಗುವಿನ ಕೈಯಿಂದ ಒಂದನ್ನು ಎತ್ತಿಸುವುದು. ಹೆಸರು ಬಂದವರು ಚಾಂಪಿಯನ್. ಹೀಗೆ ಹನ್ನೊಂದು ವರ್ಷ ಮಾಡಿದ್ದರೆ ಅಗ್ರಸ್ಥಾನಿಯ ಚೀಟಿ ಸರಾಸರಿ ಎಷ್ಟು ಸಲ ಬರುತ್ತಿತ್ತು? ಹನ್ನೊಂದನ್ನು ನಾಲ್ಕರಿಂದ ಭಾಗಿಸಿ: 2.75. ಸೆಮಿಫೈನಲ್, ಎರಡು ಲೆಗ್, ಹೆಚ್ಚುವರಿ ಅವಧಿ, ಪೆನಾಲ್ಟಿ, ಪಟಾಕಿ, ಬಾಲಿವುಡ್ ಕುಣಿತ ಎಲ್ಲ ಸೇರಿ ಕೊಟ್ಟದ್ದು 3. ತಿಂಗಳುಗಟ್ಟಲೆ ಬೆವರು ಹರಿಸಿ ಮೊದಲ ಸ್ಥಾನಕ್ಕೆ ಏರಿದ್ದರ ಬೆಲೆ ಆ ಎರಡಕ್ಕೂ ಇರುವ ವ್ಯತ್ಯಾಸ, ಕಾಲು ಕಪ್ಪು.

ಇನ್ನೂ ಮುಂದೆ ಹೋಗಿ. ಕಪ್ ಎತ್ತಿದವರು ಪಟ್ಟಿಯಲ್ಲಿ ಎಲ್ಲಿದ್ದರು ಎಂದು ಎಣಿಸಿದರೆ ಮೊದಲನೆಯವರು ಮೂರು ಸಲ, ಎರಡನೆಯವರು ನಾಲ್ಕು ಸಲ, ಮೂರನೆಯವರು ಮೂರು ಸಲ, ನಾಲ್ಕನೆಯವರು ಒಂದು ಸಲ. ಅಂದರೆ ಚಾಂಪಿಯನ್ ಆಗಬೇಕಿದ್ದರೆ ಮೊದಲನೆಯವರಾಗುವುದಕ್ಕಿಂತ ಎರಡನೆಯವರಾಗುವುದು ವಾಸಿ; ಮೂರನೆಯವರಾದರೂ ನಷ್ಟವಿಲ್ಲ. ಹನ್ನೊಂದು ಸಣ್ಣ ಸಂಖ್ಯೆ, ಅದರಿಂದ ಇಷ್ಟು ದೊಡ್ಡ ಮಾತು ಬೇಡ ಎಂದು ಸಂಖ್ಯಾಶಾಸ್ತ್ರದ ಮೇಷ್ಟ್ರು ಕಿವಿ ಹಿಂಡಬಹುದು. ಒಪ್ಪಿದೆ. ಆದರೆ ಅತ್ಯುತ್ತಮ ತಂಡವನ್ನು ಆರಿಸುವ ವಿಧಾನ ಇದು ಎಂದು ಹೇಳಿಕೊಂಡವರು ಪ್ಲೇಆಫ್ ತಂದವರು. ಚೊಂಬಿಗಿಂತ ನಮ್ಮದು ಮೇಲು ಎಂದು ತೋರಿಸುವ ಹೊಣೆಯೂ ಅವರದೇ. ಹನ್ನೊಂದು ವರ್ಷ ಸಿಕ್ಕಿತ್ತು, ತೋರಿಸಲಿಲ್ಲ.

ಗೋವಾಕ್ಕೆ ಬಂದರೆ ಈ ಲೆಕ್ಕ ಮುಳ್ಳಾಗುತ್ತದೆ.

2019–20. ಹದಿನೆಂಟು ಪಂದ್ಯಗಳಲ್ಲಿ ಎಫ್‌ಸಿ ಗೋವಾಕ್ಕೆ 39 ಅಂಕ, ಎರಡನೆಯ ಎಟಿಕೆಗೆ 34, ಮೂರನೆಯ ಬೆಂಗಳೂರಿಗೆ 30, ನಾಲ್ಕನೆಯ ಚೆನ್ನೈಯಿನ್‌ಗೆ 29. ಲೀಗ್ ಗೆದ್ದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾದ ವರ್ಷ ಅದು. ಫೆಬ್ರುವರಿ 19ರಂದು ಜಮ್‌ಶೆಡ್‌ಪುರವನ್ನು 5–0ರಿಂದ ಮುಗಿಸಿ ಗೋವಾ ಆ ಶೀಲ್ಡಿನ ಮೊದಲ ಒಡೆಯನಾಯಿತು. ಹತ್ತು ದಿನ ಕಳೆಯಿತು. ಸೆಮಿಫೈನಲ್ಲಿನ ಮೊದಲ ಲೆಗ್‌ನಲ್ಲಿ ಚೆನ್ನೈಯಲ್ಲಿ 1–4. ಮಾರ್ಚ್ 7ರಂದು ಮಡಗಾಂವಿನ ಫಾತೋರ್ಡಾದಲ್ಲಿ 4–2ರಿಂದ ಗೆದ್ದರೂ ಒಟ್ಟು 5–6. ಹತ್ತು ಅಂಕ ಹಿಂದಿದ್ದ ತಂಡ ಮುಂದಕ್ಕೆ ಹೋಯಿತು. ಫೈನಲ್ ನಡೆದದ್ದು ಇದೇ ಫಾತೋರ್ಡಾದಲ್ಲಿ, ಮಾರ್ಚ್ 14ರಂದು, ಕೊರೊನಾ ಭಯದಿಂದ ಖಾಲಿ ಬಿಟ್ಟ ಗ್ಯಾಲರಿಗಳ ಎದುರು. ಅಲ್ಲಿ ಎಟಿಕೆ 3–1ರಿಂದ ಚೆನ್ನೈಯಿನ್ ಅನ್ನು ಸೋಲಿಸಿ ಚಾಂಪಿಯನ್ ಎನಿಸಿಕೊಂಡಿತು. ಮನೆ ಗೋವಾದ್ದು, ಮದುವೆ ಇನ್ಯಾರದ್ದೋ.

2024–25. ಇದನ್ನು ಕನ್ನಡಿಗರು ಸಂಭ್ರಮಿಸಿದರು, ಆದ್ದರಿಂದಲೇ ಸ್ವಲ್ಪ ನಿಧಾನವಾಗಿ ಹೇಳಬೇಕು. ಇಪ್ಪತ್ತನಾಲ್ಕು ಪಂದ್ಯ ಮುಗಿದಾಗ ಗೋವಾ 48 ಅಂಕಗಳೊಂದಿಗೆ ಎರಡನೇ ಸ್ಥಾನ, ಬೆಂಗಳೂರು 38ರೊಂದಿಗೆ ಮೂರನೇ ಸ್ಥಾನ. ಮತ್ತೆ ಅದೇ ಹತ್ತು ಅಂಕದ ಅಂತರ. ಏಪ್ರಿಲ್ 2ರಂದು ಕಂಠೀರವದಲ್ಲಿ ಬೆಂಗಳೂರು 2–0. ಏಪ್ರಿಲ್ 6ರಂದು ಫಾತೋರ್ಡಾ. ವಿರಾಮದ ಬೆನ್ನಿಗೆ ಬೋರ್ಹಾ ಹೆರೇರಾ ಒಂದು ಗೋಲು, 88ನೇ ನಿಮಿಷದಲ್ಲಿ ಅರ್ಮಾಂಡೊ ಸಾದಿಕು ಇನ್ನೊಂದು. ಲೆಕ್ಕ ಸಮ. ಕ್ರೀಡಾಂಗಣ ಎದ್ದು ನಿಂತಿತ್ತು, ಡೋಲಿನವರಿಗೆ ಕೈ ನಿಲ್ಲುತ್ತಿರಲಿಲ್ಲ. ನಾಲ್ಕು ನಿಮಿಷ ಕಳೆದಿರಬೇಕು, ನಲವತ್ತರ ಸುನಿಲ್ ಚೆಟ್ರಿ ತಲೆಯಿಂದ ಚೆಂಡನ್ನು ಒಳಗೆ ದಾಟಿಸಿದರು. ಗ್ಯಾಲರಿಯ ಒಂದು ಮೂಲೆಯಲ್ಲಿ ನೀಲಿ ಅಂಗಿಗಳು ಕುಣಿದವು, ಉಳಿದೆಡೆ ಮಸಣ ಮೌನ.

ನನ್ನ ಮುಂದಿನ ಸಾಲಿನಲ್ಲಿ ಕಿತ್ತಳೆ ಅಂಗಿ ತೊಟ್ಟ ಹಿರಿಯರೊಬ್ಬರಿದ್ದರು. ಗದಗ ಕಡೆಯವರು, ವಾಸ್ಕೋಕ್ಕೆ ಬಂದು ನೆಲೆಸಿ ಮೂವತ್ತು ವರ್ಷವಾಯಿತಂತೆ. ಬೆಂಗಳೂರಿಗೆ ಕೈ ಎತ್ತಬೇಕಾದ ಕನ್ನಡದ ಬಾಯಿ ಗೋವಾಕ್ಕೆ ಕೂಗಿ ಕೂಗಿ ಬಿದ್ದುಹೋಗಿತ್ತು. ಜನ ಕರಗುತ್ತಿದ್ದಾಗ ಅವರು ಮೊಬೈಲಿನಲ್ಲಿ ಅಂಕಪಟ್ಟಿ ತೆರೆದು ನನ್ನ ಮುಂದೆ ಹಿಡಿದರು. "ಇಲ್ಲಿ ನಲವತ್ತೆಂಟು ಅಂತ ಐತಿ, ಅಲ್ಲಿ ಮೂವತ್ತೆಂಟು ಅಂತ ಐತಿ. ಹಂಗಾರ ಈ ಪಟ್ಟಿ ಸುಳ್ಳೇನ್ರೀ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತನಾಲ್ಕು ಪಂದ್ಯ ಎಂದರೆ 2,160 ನಿಮಿಷದ ಸಾಕ್ಷ್ಯ. ಅದನ್ನು 180 ನಿಮಿಷ ಅಳಿಸಿಹಾಕಿತ್ತು. ಹಾಗೆ ಅಳಿಸುವುದು ತಪ್ಪಲ್ಲ ಎಂದು ನಿಯಮ ಪುಸ್ತಕ ಹೇಳುತ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಗೋವಾದ ಎಲ್ಲ ಸೋಲೂ ಅನ್ಯಾಯವಲ್ಲ. 2024ರ ಏಪ್ರಿಲ್ 24ರಂದು ಇದೇ ಮೈದಾನದಲ್ಲಿ ಮುಂಬೈ ಎದುರು 90ನೇ ನಿಮಿಷದ ಹೊಸ್ತಿಲವರೆಗೆ 2–0 ಮುಂದಿದ್ದು ಕೊನೆಗೆ 2–3ರಿಂದ ಸೋತದ್ದು ಗೋವಾದ ಸ್ವಂತ ಪಾಪ. ಲೀಗಿನಲ್ಲಿ ಮುಂಬೈ 47, ಗೋವಾ 45; ಪಟ್ಟಿಯೂ ಮುಂಬೈ ಪರವೇ ಇತ್ತು. ನಾಕೌಟ್ ಆಡಲು ಗೋವಾಕ್ಕೆ ಬಾರದು, ಅದಕ್ಕೇ ದ್ರಾಕ್ಷಿ ಹುಳಿ ಎನ್ನುವವರಿಗೂ ಒಂದು ಮಾತು. ಸೂಪರ್ ಕಪ್ ನಾಕೌಟ್‌ನಲ್ಲೇ ತೀರ್ಮಾನವಾಗುವ ಟೂರ್ನಿ. 2025ರ ಮೇ 3ರಂದು ಭುವನೇಶ್ವರದಲ್ಲಿ ಜಮ್‌ಶೆಡ್‌ಪುರವನ್ನು 3–0ರಿಂದ ಸೋಲಿಸಿ ಅದನ್ನು ಗೋವಾ ಗೆದ್ದಿತು. ಡಿಸೆಂಬರ್ 7ರಂದು ಫಾತೋರ್ಡಾದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಪೆನಾಲ್ಟಿಯಲ್ಲಿ ಮತ್ತೆ ಗೆದ್ದಿತು. ಹಾಗೆಂದು ಆ ಎರಡು ಕಪ್ಪುಗಳ ಬಲದ ಮೇಲೆ ತಾನೇ ಭಾರತದ ಚಾಂಪಿಯನ್ ಎಂದು ಗೋವಾ ಹೇಳಿಕೊಳ್ಳಲಿಲ್ಲ. ಕಪ್ ಬೇರೆ, ಲೀಗ್ ಬೇರೆ. ಲೋಕದ ಬಹುತೇಕ ಫುಟ್‌ಬಾಲ್ ದೇಶಗಳು ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲೇ ಇಟ್ಟಿವೆ. ನಾವು ಎರಡನ್ನೂ ಒಂದೇ ಒಲೆಯ ಮೇಲಿಟ್ಟು ಸೀಯಿಸಿದೆವು.

ಬೆಂಗಳೂರಿನ ಅಭಿಮಾನಿಗಳು ಇದನ್ನು ಪರರ ನೋವೆಂದು ಬದಿಗಿಡುವ ಹಾಗಿಲ್ಲ. 2017–18ರಲ್ಲಿ ಐಎಸ್‌ಎಲ್‌ಗೆ ಕಾಲಿಟ್ಟ ವರ್ಷವೇ ಬೆಂಗಳೂರು 18 ಪಂದ್ಯಗಳಲ್ಲಿ 40 ಅಂಕ ಗಳಿಸಿತ್ತು. ಎರಡನೆಯ ಚೆನ್ನೈಯಿನ್ ಎಂಟು ಅಂಕ ಹಿಂದೆ. ಮಾರ್ಚ್ 17ರ ರಾತ್ರಿ ಕಂಠೀರವದಲ್ಲಿ ಫೈನಲ್. ಒಂಬತ್ತನೇ ನಿಮಿಷದಲ್ಲಿ ಚೆಟ್ರಿ ಗೋಲು, ಊರೆಲ್ಲ ಹಬ್ಬ. ಪಂದ್ಯ ಮುಗಿದಾಗ 2–3. ಆ ರಾತ್ರಿ ಎಂಟು ಅಂಕಗಳ ಮೌಲ್ಯ ಏನೆಂದು ಬೆಂಗಳೂರಿನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರನ್ನು ಕೇಳಿ. 2022–23ರ ಕಥೆ ಇನ್ನೂ ವಿಚಿತ್ರ. ಲೀಗ್ ಗೆದ್ದ ಮುಂಬೈಗೆ 46 ಅಂಕ. ಫೈನಲ್ ಆಡಿದ ಮೋಹನ್ ಬಾಗಾನ್ ಮತ್ತು ಬೆಂಗಳೂರು, ಇಬ್ಬರದ್ದೂ 34. ಮೊದಲನೆಯವರಿಗಿಂತ ಹನ್ನೆರಡು ಅಂಕ ಕೆಳಗಿದ್ದ ಎರಡು ತಂಡಗಳು ಫಾತೋರ್ಡಾದಲ್ಲಿ 2–2 ಮಾಡಿಕೊಂಡು, ಪೆನಾಲ್ಟಿ ಹೊಡೆದು, ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸಿದವು. ಅಂದು ನಮ್ಮ ಬೆಂಗಳೂರೇ ಗೆದ್ದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಬಹುಶಃ ಒಂದು ವಾರ ತಡವಾಗಿ.

ಪ್ಲೇಆಫ್ ಪರವಾಗಿ ಒಂದೇ ಒಂದು ವಾದ ನನ್ನನ್ನು ಅಲುಗಾಡಿಸುತ್ತದೆ. ಅದು ಲಕ್ಷ್ಮೀಕಾಂತ ಕಟ್ಟಿಮನಿ. ಗೋವಾದ ಗೋಲ್‌ಕೀಪರ್, ಹೆಸರು ಉತ್ತರ ಕರ್ನಾಟಕದ್ದು. 2015ರ ಡಿಸೆಂಬರ್ 20ರಂದು ಫಾತೋರ್ಡಾದ ಫೈನಲ್ಲಿನಲ್ಲಿ, ಲೀಗಿನಲ್ಲಿ ಮೊದಲ ಸ್ಥಾನ ಪಡೆದು ಬಂದಿದ್ದ ಗೋವಾ ಚೆನ್ನೈಯಿನ್ ಎದುರು 2–1 ಮುಂದಿತ್ತು. ತೊಂಬತ್ತನೇ ನಿಮಿಷ. ಚೆಂಡು ಗೋವಾದ ಬಲೆಯೊಳಗೆ ಹೋಯಿತು. ದಾಖಲೆ ಪುಸ್ತಕದಲ್ಲಿ ಅದರ ಮುಂದೆ ಬರೆದದ್ದು ಕಟ್ಟಿಮನಿಯ ಹೆಸರು, ಸ್ವಂತ ಗೋಲು ಎಂದು. ಎರಡೇ ನಿಮಿಷದಲ್ಲಿ ಚೆನ್ನೈಯಿನ್‌ನ ಮೆಂಡೋಜಾ ಮೂರನೆಯದನ್ನು ಹೊಡೆದ. ಆರು ವರ್ಷ ಕಳೆದು, 2022ರ ಮಾರ್ಚ್ 20. ಅದೇ ಮೈದಾನ, ಅದೇ ಕೀಪರ್, ಅಂಗಿ ಮಾತ್ರ ಹೈದರಾಬಾದಿನದ್ದು. ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿ ಶೂಟೌಟ್. ಕಟ್ಟಿಮನಿ ಮೂವರ ಹೊಡೆತ ತಡೆದು ಕಪ್ ಗೆಲ್ಲಿಸಿದರು. ಇಂಥ ಕಥೆಯನ್ನು ಅಂಕಪಟ್ಟಿ ಬರೆಯಲಾರದು. ಅಂದು ಟಿ.ವಿ. ಮುಂದೆ ಕುಳಿತಿದ್ದ ನಾನೂ ಎದ್ದು ನಿಂತಿದ್ದೆ.

ಆದರೆ ಅದೇ ವರ್ಷ ಜಮ್‌ಶೆಡ್‌ಪುರ ಎಂಬ ಊರೊಂದಿತ್ತು. ಇಪ್ಪತ್ತು ಪಂದ್ಯ, 43 ಅಂಕ, ಲೀಗ್ ಶೀಲ್ಡ್. ಹೈದರಾಬಾದಿಗೆ 38, ಕೇರಳಕ್ಕೆ 34. ಫೈನಲ್ಲಿನ ಸುದ್ದಿ ಬರೆದವರು ಆ ಊರಿನ ಹೆಸರನ್ನು ಎಷ್ಟು ಸಾಲುಗಳಲ್ಲಿ ಬರೆದರು? ಒಬ್ಬ ಕೀಪರಿನ ಪ್ರಾಯಶ್ಚಿತ್ತ ಸುಂದರವಾಗಿತ್ತು. ಅದಕ್ಕೆ ಸೂಪರ್ ಕಪ್ಪಿನ ಫೈನಲ್ ಸಾಲುತ್ತಿತ್ತು, ಡುರಾಂಡ್ ಕಪ್ ಸಾಲುತ್ತಿತ್ತು.

ಪ್ಲೇಆಫ್ ಪ್ರಿಯರು ಸದಾ ಬೆರಳು ತೋರಿಸುವುದು ಅಮೆರಿಕದ ಕಡೆಗೆ. ಅಲ್ಲಿನ ಕಾಲೇಜು ಫುಟ್‌ಬಾಲ್ (ಕೈಯಲ್ಲಿ ಹಿಡಿದು ಓಡುವ ಆಟ, ಹೆಸರಷ್ಟೇ ಫುಟ್‌ಬಾಲ್) ದಶಕಗಳ ಜಗಳದ ಬಳಿಕ ಪ್ಲೇಆಫ್‌ಗೆ ಬಂತು, ನೋಡಿ ಎನ್ನುತ್ತಾರೆ. ನೋಡೋಣ, ಪೂರ್ತಿಯಾಗಿ ನೋಡೋಣ. ಅಲ್ಲಿ ಮೇಲಿನ ಹಂತದಲ್ಲೇ ನೂರಾ ಮೂವತ್ತಕ್ಕೂ ಹೆಚ್ಚು ತಂಡಗಳು, ಒಂದೊಂದಕ್ಕೆ ಋತುವಿಗೆ ಹನ್ನೆರಡು ಪಂದ್ಯ. ಬಹುಪಾಲು ತಂಡಗಳು ಪರಸ್ಪರ ಮುಖವನ್ನೇ ನೋಡುವುದಿಲ್ಲ. ಹಿಂದೆ ಚಾಂಪಿಯನ್ ಯಾರೆಂದು ಹೇಳುತ್ತಿದ್ದವರು ಪತ್ರಕರ್ತರು ಮತ್ತು ತರಬೇತುದಾರರು, ಮತ ಹಾಕಿ. 1990, 1991, 1997ರಲ್ಲಿ ಆ ಎರಡು ಗುಂಪು ಎರಡು ಬೇರೆ ತಂಡಗಳನ್ನು ಚಾಂಪಿಯನ್ ಮಾಡಿ ಕೂತವು. 1998ರಲ್ಲಿ ಹೊಸ ವ್ಯವಸ್ಥೆ ಬಂದರೂ 2003ರಲ್ಲಿ ಮತ್ತೆ ಅದೇ ರಗಳೆ. 2014ರಲ್ಲಿ ನಾಲ್ಕು ತಂಡಗಳ ಪ್ಲೇಆಫ್ ಬಂತು; 2023ರಲ್ಲಿ ಹದಿಮೂರಕ್ಕೆ ಹದಿಮೂರೂ ಗೆದ್ದಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನೇ ಸಮಿತಿ ಆ ನಾಲ್ಕರಿಂದ ಹೊರಗಿಟ್ಟಿತು; 2024ರಿಂದ ಹನ್ನೆರಡು ತಂಡಗಳಾದವು. ಅಲ್ಲಿ ಅದು ಸರಿ. ಸಾಕ್ಷಿಯೇ ಇಲ್ಲದ ಮೊಕದ್ದಮೆಗೆ ಸಾಕ್ಷಿ ಬೇಕಿತ್ತು, ಮೈದಾನದಲ್ಲಿ ಹುಟ್ಟಿಸಿಕೊಂಡರು. ನಾನು ಅಲ್ಲಿದ್ದರೆ ಪ್ಲೇಆಫ್ ಬೇಕೆಂದೇ ಬರೆಯುತ್ತಿದ್ದೆ. ನಮ್ಮ ಸಂತೋಷ್ ಟ್ರೋಫಿಗೂ ಅದೇ ನ್ಯಾಯ: ಎಲ್ಲ ರಾಜ್ಯಗಳು ಎಲ್ಲರೊಡನೆ ಆಡಲಾಗದು, ಗುಂಪು ಮಾಡಿ ಫೈನಲ್ ಆಡಿಸಲೇಬೇಕು.

ಐಎಸ್‌ಎಲ್‌ನಲ್ಲಿ ಆ ಕೊರತೆ ಎಲ್ಲಿತ್ತು? ಪ್ರತಿ ತಂಡ ಪ್ರತಿ ತಂಡದೊಡನೆ ಎರಡೆರಡು ಸಲ ಆಡಿದೆ. ಮಳೆ, ಗಾಯ, ಕೆಟ್ಟ ರೆಫರಿ, ಒಳ್ಳೆಯ ಅದೃಷ್ಟ ಎಲ್ಲವೂ ಇಪ್ಪತ್ತನಾಲ್ಕು ಪಂದ್ಯಗಳಲ್ಲಿ ಹಂಚಿಹೋಗಿವೆ. ಸಾಕ್ಷಿಗಳ ಹೇಳಿಕೆ ಮುಗಿದು ತೀರ್ಪು ಓದಿದ ಮೇಲೆ ನಾಲ್ಕು ಜನ ಕಕ್ಷಿದಾರರನ್ನು ನಿಲ್ಲಿಸಿ ಇನ್ನೊಮ್ಮೆ ನಾಣ್ಯ ಚಿಮ್ಮುವುದಕ್ಕೆ ಅಮೆರಿಕದ ಹೆಸರು ಹೇಳಬೇಡಿ.

ಐಪಿಎಲ್ ನೋಡಿ ಬೆಳೆದ ಓದುಗರು ಅಲ್ಲೂ ಪ್ಲೇಆಫ್ ಇದೆಯಲ್ಲ ಎನ್ನಬಹುದು. ಇದೆ. ಆದರೆ ಅಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಸೋತರೂ ಇನ್ನೊಂದು ಜೀವ ಇರುತ್ತದೆ. ಐಎಸ್‌ಎಲ್ ಅಗ್ರಸ್ಥಾನಿಗೆ ಕೊಟ್ಟದ್ದು ಹೆಚ್ಚೆಂದರೆ ಒಂದು ಸುತ್ತಿನ ವಿಶ್ರಾಂತಿ ಮತ್ತು ಎರಡನೇ ಲೆಗ್ ತವರಿನಲ್ಲಿ, ಅಷ್ಟೇ. ಅದರಿಂದ ಏನಾಯಿತು ಎಂಬುದನ್ನು ಚೊಂಬಿನ ಲೆಕ್ಕ ಹೇಳಿದೆ.

ಪ್ಲೇಆಫ್ ಇಲ್ಲದಿದ್ದರೆ ರೋಚಕತೆ ಇರುವುದಿಲ್ಲ ಎನ್ನುವವರಿಗೆ ಜ್ಞಾಪಕಶಕ್ತಿ ಕಡಿಮೆ. ಐ-ಲೀಗ್ ಎಂಬುದೊಂದಿತ್ತು, ಆಮೇಲೆ ಅದು ಎರಡನೇ ಹಂತಕ್ಕೆ ಇಳಿಯಿತು. 2007–08ರಲ್ಲಿ ಅದು ಶುರುವಾದಾಗ ಡೆಂಪೊ ಗೆದ್ದಿತು. ಆಮೇಲೆ ಚರ್ಚಿಲ್ ಬ್ರದರ್ಸ್, ಮತ್ತೆ ಡೆಂಪೊ, ಸಾಲ್ಗಾಂವ್‌ಕರ್, ಮತ್ತೆ ಡೆಂಪೊ, ಮತ್ತೆ ಚರ್ಚಿಲ್. ಆರು ಋತು, ಆರೂ ಗೋವಾಕ್ಕೆ. ಎರಡೇ ಜಿಲ್ಲೆ ಇದ್ದ ರಾಜ್ಯ ಅದು. ಕೋಲ್ಕತ್ತದ ಎರಡು ದೈತ್ಯ ಕ್ಲಬ್ಬುಗಳು ಆರು ವರ್ಷ ಬಾಯಿ ಬಿಟ್ಟು ನೋಡುತ್ತಿದ್ದವು. ಆ ಆರರಲ್ಲಿ ಒಂದಕ್ಕೂ ಫೈನಲ್ ಪಂದ್ಯ ಇರಲಿಲ್ಲ. ಇದ್ದಿದ್ದರೆ ಆರಕ್ಕೆ ಆರೂ ಗೋವಾದಲ್ಲಿ ಉಳಿಯುತ್ತಿದ್ದವೇ? ಚೊಂಬನ್ನು ಕೇಳಿ. ಗೋವಾದ ಮನೆತನಗಳು ವರ್ಷವಿಡೀ ತಂಡ ಸಾಕಿ, ಪ್ರತಿ ಅಂಕವನ್ನೂ ಅಕ್ಕಿ ಆರಿಸಿದ ಹಾಗೆ ಆರಿಸಿ ಕಟ್ಟಿದ ಯಶಸ್ಸು ಅದು. ತಂಡ ಕಟ್ಟುವ ಕ್ಲಬ್ಬಿಗೆ ಲೀಗ್ ಕೂಲಿ ಕೊಡುತ್ತದೆ. 2016ರಲ್ಲಿ, ಎಷ್ಟೇ ಗೆದ್ದರೂ ಮೇಲಿನ ಬಾಗಿಲು ತೆರೆಯದ ವ್ಯವಸ್ಥೆ ಬರುತ್ತಿದೆ ಎಂದು ಗೊತ್ತಾದಾಗ ಸಾಲ್ಗಾಂವ್‌ಕರ್, ಸ್ಪೋರ್ಟಿಂಗ್, ಡೆಂಪೊ ಮೂರೂ ಐ-ಲೀಗ್ ಬಿಟ್ಟು ಹೊರನಡೆದವು. ಗೋವಾದ ಫುಟ್‌ಬಾಲಿಗೆ ಆದ ಆ ಗಾಯ ಇನ್ನೂ ಮಾಯ್ದಿಲ್ಲ.

ಆ ಆರರ ಸರಪಳಿ ತುಂಡಾದದ್ದು ಹೇಗೆ ಗೊತ್ತೇ? 2014ರ ಏಪ್ರಿಲ್ 21ರಂದು, ಹುಟ್ಟಿ ವರ್ಷ ತುಂಬದ ಬೆಂಗಳೂರು ಎಫ್‌ಸಿ ಇದೇ ಫಾತೋರ್ಡಾಕ್ಕೆ ಬಂದು ಡೆಂಪೊವನ್ನೇ 4–2ರಿಂದ ಸೋಲಿಸಿ ಲೀಗ್ ಗೆದ್ದಿತು. ಫೈನಲ್ ಎಂದು ಯಾರೂ ಹೆಸರಿಡದ ಫೈನಲ್. ಮರುವರ್ಷ ಇನ್ನೂ ಹೆಚ್ಚು. 2015ರ ಮೇ 31, ಕಂಠೀರವ, ಲೀಗಿನ ಕೊನೆಯ ಪಂದ್ಯ. ಮೋಹನ್ ಬಾಗಾನ್‌ಗೆ ಡ್ರಾ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದೆ. ಮಳೆ ಸುರಿದ ಸಂಜೆ, ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಒಂದು ಗೋಲು ಪಟ್ಟವನ್ನು ಕೋಲ್ಕತ್ತಕ್ಕೆ ಸಾಗಿಸಿತು. ಐಎಸ್‌ಎಲ್‌ನ ಯಾವ ಫೈನಲ್ ಇದಕ್ಕಿಂತ ಮೇಲು? ಒಂದೇ ವ್ಯತ್ಯಾಸ, ಆ ತೊಂಬತ್ತು ನಿಮಿಷದ ಹಿಂದೆ ಇಡೀ ಋತುವಿನ ಭಾರ ಇತ್ತು. ಎರಡು ಅಂಕದ ಅಂತರಕ್ಕೆ ಎರಡು ಅಂಕದ ಬೆಲೆ ಇತ್ತು.

ಲೀಗ್ ಪದ್ಧತಿಯೂ ಕೈ ಕೊಡುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. 2024–25ರ ಐ-ಲೀಗ್ ಮುಗಿದದ್ದು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯಲ್ಲಿ. ಏಪ್ರಿಲ್‌ನಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ ಚಾಂಪಿಯನ್, ಜುಲೈ 18ರಂದು ಇಂಟರ್ ಕಾಶಿ ಚಾಂಪಿಯನ್. ಆದರೆ ಜಗಳ ಹುಟ್ಟಿದ್ದು ಆಟಗಾರರ ಅರ್ಹತೆಯ ನಿಯಮದಿಂದ, ನಿಯಮವನ್ನು ನೆಟ್ಟಗೆ ಓದಲಾರದ ಫೆಡರೇಷನ್ನಿನಿಂದ. ಫೈನಲ್ ಪಂದ್ಯವಿದ್ದಿದ್ದರೆ ಅದರ ಮೇಲೂ ದಾವೆ ಹೂಡುತ್ತಿದ್ದರು.

ಇನ್ನು ದುಡ್ಡು. 2021–22ರಲ್ಲಿ ಐಎಸ್‌ಎಲ್ ಬಹುಮಾನದ ಮೊತ್ತ ಒಟ್ಟು 15.5 ಕೋಟಿ ರೂಪಾಯಿ. ಕಪ್ ಗೆದ್ದವರಿಗೆ 6 ಕೋಟಿ, ಫೈನಲ್ ಸೋತವರಿಗೆ 3 ಕೋಟಿ, ಸೆಮಿಫೈನಲ್ ಸೋತ ಇಬ್ಬರಿಗೆ ತಲಾ 1.5 ಕೋಟಿ. ಲೀಗ್ ಶೀಲ್ಡಿಗೆ 3.5 ಕೋಟಿ, ಅದೂ ಹಿಂದಿನ 50 ಲಕ್ಷದಿಂದ ಏರಿಸಿ. ಗೋವಾ 39 ಅಂಕ ಗಳಿಸಿದ ವರ್ಷ ಮೊದಲ ಸ್ಥಾನದ ಬೆಲೆ ಐವತ್ತು ಲಕ್ಷ ಇತ್ತು, ಕಪ್ಪಿನದ್ದು 8 ಕೋಟಿ. ಮಾಲೀಕನಾಗಿದ್ದರೆ ನಾನೂ ತರಬೇತುದಾರರಿಗೆ ಹೇಳುತ್ತಿದ್ದೆ: ಹೇಗಾದರೂ ಒಳಗೆ ನುಗ್ಗಿ, ಮೇಲೆ ನಿಲ್ಲುವ ಚಪಲ ಬೇಡ. ಆದರೆ ಏಷ್ಯಾದ ಫುಟ್‌ಬಾಲ್ ಒಕ್ಕೂಟಕ್ಕೆ ಈ ಗೊಂದಲ ಇರಲಿಲ್ಲ. ಅದು ಕೇಳಿದ್ದು ನಿಮ್ಮ ಪಟ್ಟಿಯಲ್ಲಿ ಮೊದಲು ಯಾರು ಎಂದು. ಹಾಗಾಗಿ 2021ರ ಏಪ್ರಿಲ್‌ನಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ ಆದದ್ದು ಗೋವಾ, ಕಪ್ ಎತ್ತಿದ ಕೋಲ್ಕತ್ತದ ಎಟಿಕೆ ಅಲ್ಲ. ಏಪ್ರಿಲ್ 14ರಂದು ಫಾತೋರ್ಡಾದಲ್ಲಿ ಕತಾರಿನ ಅಲ್ ರಯ್ಯಾನ್ ಜೊತೆ ಗೋಲಿಲ್ಲದ ಡ್ರಾ ಸಾಧಿಸಿ ಮೊದಲ ಅಂಕವನ್ನೂ ತಂದಿತು. ಹೊರಗಿನವರಿಗೆ ನಾವು ಕಳಿಸುವ ಚಾಂಪಿಯನ್ ಒಬ್ಬರು, ಮನೆಯಲ್ಲಿ ಆರತಿ ಎತ್ತುವ ಚಾಂಪಿಯನ್ ಇನ್ನೊಬ್ಬರು.

ಜಪಾನ್ ಈ ಪಾಠವನ್ನು ಎರಡೇ ವರ್ಷದಲ್ಲಿ ಕಲಿಯಿತು. 2015 ಮತ್ತು 2016ರಲ್ಲಿ ಟಿ.ವಿ. ದುಡ್ಡಿಗಾಗಿ ಜೆ-ಲೀಗ್ ಕೊನೆಗೆ ಪ್ಲೇಆಫ್ ಸೇರಿಸಿತ್ತು. 2016ರಲ್ಲಿ ಉರಾವಾ ರೆಡ್ಸ್‌ಗೆ 74 ಅಂಕ, ಕಾಶಿಮಾಗೆ 59. ಪಟ್ಟ ಕಾಶಿಮಾಗೆ ಹೋಯಿತು. ಹದಿನೈದು ಅಂಕದ ಅಂತರ! 2017ರಲ್ಲಿ ಜಪಾನ್ ಆ ಪದ್ಧತಿಯನ್ನೇ ಎತ್ತಿ ಎಸೆಯಿತು.

ಪ್ಲೇಆಫ್ ಇದ್ದರೆ ಆರನೇ ಸ್ಥಾನಕ್ಕೂ ಕೊನೆಯವರೆಗೆ ಪೈಪೋಟಿ ಎನ್ನುತ್ತಾರೆ. ನಿಜ. ಆದರೆ ಕೆಳಗಿನ ತಂಡಗಳಿಗೆ ಭಯ ಇಲ್ಲದ್ದರಿಂದ ಬಂದ ರೋಗಕ್ಕೆ ಹಚ್ಚಿದ ಬಣ್ಣ ಇದು. ಐಎಸ್‌ಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದವರು ಈ ಹನ್ನೊಂದು ವರ್ಷ ಕೆಳ ಹಂತಕ್ಕೆ ಇಳಿಯಲೇ ಇಲ್ಲ. 2019ರ ಮಾರ್ಗಸೂಚಿಯಲ್ಲಿ 2024–25ರಿಂದ ಹಿಂಬಡ್ತಿ ಎಂದು ಬರೆದಿತ್ತು. ಬರೆದದ್ದು ಬರೆದಲ್ಲೇ ಉಳಿಯಿತು. ಹಿಂಬಡ್ತಿ ತನ್ನಿ, ಹನ್ನೆರಡನೇ ಸ್ಥಾನದ ಪಂದ್ಯಕ್ಕೂ ಜನ ಉಗುರು ಕಚ್ಚುತ್ತಾ ಕೂರುತ್ತಾರೆ.

ಈಗಿನ 91 ಪಂದ್ಯಗಳ ಲೀಗಿಗೆ ನಾನು ಪೂರ್ಣ ಅಂಕ ಕೊಡಲಾರೆ. ಒಂದೇ ಸುತ್ತು. ತಂಡಕ್ಕೆ ಹದಿಮೂರು ಪಂದ್ಯ, ಅದು ಬೆಸ ಸಂಖ್ಯೆ, ತವರಿನ ಪಂದ್ಯಗಳು ಸಮಪಾಲಾಗುವುದೇ ಇಲ್ಲ. ಬಲಿಷ್ಠ ತಂಡವನ್ನು ಯಾರು ತಮ್ಮ ಊರಲ್ಲಿ ಎದುರಿಸುತ್ತಾರೆ, ಯಾರು ಅವರ ಊರಿಗೆ ಹೋಗುತ್ತಾರೆ ಎಂಬುದರಲ್ಲೇ ಮೂರು ಅಂಕ ಅಡಗಿರಬಹುದು. ಪಟ್ಟಿಗೆ ಪೂರ್ಣ ಮರ್ಯಾದೆ ಸಿಕ್ಕ ವರ್ಷವೇ ಪಟ್ಟಿ ಅತಿ ದುರ್ಬಲ. ಈ ಋತುವಿನ ಕೊನೆಗೆ ಪೀಕಲಾಟವಾದರೆ ಪ್ಲೇಆಫ್ ವಾದಿಗಳು ನೋಡಿದಿರಾ ಎಂದು ಕುಣಿಯುತ್ತಾರೆ. ಕುಣಿಯಲಿ. ಅದಕ್ಕೆ ಮದ್ದು ಇನ್ನೊಂದು ಸುತ್ತು. 14 ತಂಡಗಳು ಎರಡು ಸಲ ಆಡಿದರೆ 182 ಪಂದ್ಯ, ತಂಡಕ್ಕೆ 26. 2009–10ರಲ್ಲಿ ಡೆಂಪೊ ಚಾಂಪಿಯನ್ ಆದಾಗಲೂ ಒಂದೊಂದು ತಂಡ ಆಡಿದ್ದು ಅಷ್ಟೇ 26.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ ಕೇಳುವುದು ಇಷ್ಟೇ. ಹೊಸ ಪ್ರಾಯೋಜಕರೊಡನೆ ಸಹಿ ಹಾಕುವ ಮುನ್ನ, ಅವರ ಪೆನ್ನು ಹೊರಬರುವ ಮುನ್ನ, ಲೀಗ್ ನಿಯಮಾವಳಿಯಲ್ಲಿ ಒಂದು ಸಾಲು ಬರೆದುಬಿಡಿ: ಎರಡು ಸುತ್ತಿನ ಕೊನೆಗೆ ಹೆಚ್ಚು ಅಂಕ ಗಳಿಸಿದ ತಂಡವೇ ಭಾರತದ ಚಾಂಪಿಯನ್. ಫೈನಲ್ ಬೇಕೆನ್ನುವವರಿಗೆ ಸೂಪರ್ ಕಪ್ಪಿನ ವೇಳಾಪಟ್ಟಿ ಕೊಡಿ.